ಹಾರದ ಲೆಕ್ಕ

ಎಷ್ಟು ಹಾರ ಬೇಕು ಅಂತ ಕೇಳಿದೆ.
ಯಾರಿಗೂ ಗೊತ್ತಿರಲಿಲ್ಲ.

ವಿಮಾನ ಇಳಿಯದ ದಿನ ಫುನಾಫುತಿಯ ಓಡುದಾರಿಯಲ್ಲಿ
ಹುಡುಗರು ಚೆಂಡಾಡುತ್ತಾರೆ. ಅದರ ಅಂಚಿಗೇ
ನನ್ನ ತಗಡಿನ ಮನೆ. ನಾನು ಫಲಾಯಿಲೆ, ಹೂ ಕಟ್ಟುವವಳು:
ಮದುವೆಗೆ, ಮಣ್ಣಿಗೆ, ಬಂದವರಿಗೆ, ಹೊರಟವರಿಗೆ,
ನಾಲ್ಕು ವರ್ಷಕ್ಕೊಮ್ಮೆ
ಸರಕಾರಕ್ಕೆ.

ಗೆದ್ದವರು ಹದಿನಾರು.
ಪಕ್ಷ ಎಂಬುದು ನಮ್ಮಲ್ಲಿಲ್ಲ.
ಗುರುತು, ಬಾವುಟ, ಜೈಕಾರ ಯಾವುದೂ ಇಲ್ಲ.
ಇರುವುದು ದ್ವೀಪ, ಚರ್ಚು, ಹೆಂಡತಿಯ ತವರು,
ಮತ್ತೆ ಹೋದ ಸಲ ಯಾರು ಯಾರ ಹಂದಿ ತಿಂದರು
ಎಂಬ ನೆನಪು.

ಏಳು ಜನ ಲಗೂನಿನ ಕಡೆಯ ಅತಿಥಿಗೃಹದಲ್ಲಿ,
ಆರು ಜನ ಹಳೆಯ ಪಾದ್ರಿಯ ಮನೆಯಲ್ಲಿ,
ಮೂವರು ಉತ್ತರದಿಂದ ಹೊರಟ ಹಡಗಿನಲ್ಲಿ,
ಹಡಗು ಗಾಳಿಯ ಬಾಯಲ್ಲಿ.
ಸರಕಾರ ಅಂದರೆ ಸದ್ಯಕ್ಕೆ
ತೊಲೆ ಹಿಡಿದು ವಾಂತಿ ಮಾಡುತ್ತಿರುವ ಮೂರು ಜನ.
ಅವರು ಬರುವ ತನಕ ಇಲ್ಲಿ
ತಕ್ಕಡಿಯಲ್ಲಿ ಏಡಿ ತೂಗುವ ಕೆಲಸ:
ಒಂದನ್ನು ಇಟ್ಟರೆ ಇನ್ನೊಂದು
ಅಡ್ಡಡ್ಡ ನಡೆದು ಆಚೆ ತಟ್ಟೆಗೆ.

ಮೊದಲ ರಾತ್ರಿ ಎಂಟು ಕಟ್ಟಿದೆ.
ಪ್ರಧಾನಿಯೂ ಸೇರಿ ಎಂಟೇ ಕೊರಳು,
ಒಂಬತ್ತಾದರೆ ಕಾನೂನು ಒಪ್ಪುವುದಿಲ್ಲ, ಅಂದಿದ್ದ
ಗುಮಾಸ್ತ, ಯಾರ ಕೊರಳು ಎಂದು ಮಾತ್ರ ಹೇಳಲಿಲ್ಲ.
ಬೆಳಿಗ್ಗೆ ಗೋಸಂಪಿಗೆಯ ಅಂಚು ಕಂದಿತ್ತು.
ಹಡಗು ಬಂದಿರಲಿಲ್ಲ.
ನನ್ನ ಹಂದಿಗಳು ಆ ದಿನ
ಸಂಪುಟ ದರ್ಜೆಯಲ್ಲಿ ಉಂಡವು.

ಎರಡನೆಯ ರಾತ್ರಿ ಟಿನಿಲಾವು ಬಂದ,
ಅಣ್ಣನ ಮಗ, ಇದೇ ಮೊದಲು ಗೆದ್ದವನು.
ಕೊಡೆ ಹಿಡಿದಿದ್ದ. ಮಳೆ ಇರಲಿಲ್ಲ.
"ಅತ್ತೆ, ಲೌಪೆಪಾ ಮೀನು ಖಾತೆ ಕೊಡ್ತೀನಿ ಅಂತಾನೆ.
ಫಾಕವಾಯಿ ನೀರು."
ಸೂಜಿ ನಿಲ್ಲಿಸದೆ ಕೇಳಿದೆ, ಮೀನಿನಲ್ಲಿ ಏನಿದೆ?
"ದುಡ್ಡು. ವಿಮಾನ. ಹೊರದೇಶದ ಊಟ."
ನೀರಿನಲ್ಲಿ?
"ಬೈಗುಳ."
ಮತ್ತೆ ಯಾಕೆ ನನ್ನ ಹತ್ತಿರ ಬಂದೆ?
"ಲೌಪೆಪಾ ನನಗೆ ಷಡ್ಡಕ.
ಫಾಕವಾಯಿ ಅಪ್ಪನ ಪೆಟ್ಟಿಗೆಗೆ ಹೆಗಲು ಕೊಟ್ಟವನು."
ದಾರ ಕಡಿದು ಕೊಟ್ಟೆ, ಗಂಟು ಹಾಕು ಅಂತ.
ಹಾಕಿದ. ಬಹಳ ಹೊತ್ತು ಕೂತ.
ಹೋಗುವಾಗ ಕೊಡೆ ಮರೆತ.

ಮೂರನೆಯ ದಿನ ಹಡಗು.
ಮೂರು ಹಸಿರು ಮುಖ ಜೆಟ್ಟಿಗೆ ಇಳಿದವು.
ಎರಡೂ ಕಡೆಯವರು ಎಳನೀರು ಹಿಡಿದು ನಿಂತಿದ್ದರು.
ಒಬ್ಬ ಎರಡೂ ಕುಡಿದ.

ಮಾರನೆ ದಿನ ಗುಟ್ಟಿನ ಮತ.
ಹದಿನಾರು ಚೀಟಿ, ಒಂದು ಪೆಟ್ಟಿಗೆ.
ನನ್ನ ಮೊಮ್ಮಗಳ ತರಗತಿಯಲ್ಲಿ ಮಾನಿಟರ್ ಆರಿಸುವಷ್ಟೇ ಹೊತ್ತು.
ಒಳಗಿನಿಂದ ಕೂಗಿದರು: ಫಾಕವಾಯಿ, ಒಂಬತ್ತು–ಏಳು.
ಹೊರಗೆ ಚಾಪೆಯ ಮೇಲೆ ಇಡೀ ಊರು
ಬೆರಳು ಮಡಿಸಿ ಮಡಿಸಿ
ಒಂಬತ್ತನೆಯವನನ್ನು ಹುಡುಕಿತು.
ನನ್ನ ಕಡೆ ಯಾರೂ ನೋಡಲಿಲ್ಲ,
ಅಷ್ಟು ಸಾಕಿತ್ತು ತಿಳಿಯಲಿಕ್ಕೆ.

ಒಂಬತ್ತು ಕೈ, ಎಂಟು ಕುರ್ಚಿ.
ಉಳಿದ ಒಬ್ಬನಿಗೆ ಸ್ಪೀಕರ್ ಪೀಠ.
ಎಲ್ಲರಿಗೂ ಏನಾದರೊಂದು ದಕ್ಕಿತು,
ಹಾರ ಮಾತ್ರ ಒಂದು ಕಡಿಮೆ ಬಿತ್ತು.
ನನ್ನ ತಲೆಯ ಹೂದಂಡೆ ಬಿಚ್ಚಿ ಉದ್ದ ಮಾಡಿ ಕೊಟ್ಟೆ.
ಸೋತ ಲೌಪೆಪಾನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ,
ಔತಣದಲ್ಲಿ ಹಂದಿಯ ತಲೆಯ ಹತ್ತಿರವೇ ಕೂತ.
ಊರೆಲ್ಲ ನೆಂಟರೇ ಇರುವಲ್ಲಿ
ವಿರೋಧ ಪಕ್ಷ ಊಟ ಬಿಟ್ಟು ಹೋಗುವುದೆಲ್ಲಿಗೆ?

ರಾತ್ರಿ ನೀರಿನ ಮಂತ್ರಿ ಬಂದ,
ಬಿಳಿ ಅಂಗಿ, ಕೊರಳಲ್ಲಿ ಇನ್ನೂ ನನ್ನ ಹಾರ,
ಕೈಯಲ್ಲಿ ಎರಡು ಬಕೆಟ್ಟು.
"ನಮ್ಮ ತೊಟ್ಟಿ ಒಣಗಿದೆ ಅತ್ತೆ."
ನನ್ನದರ ಮುಚ್ಚಳ ಸರಿಸಿ
ತೋಳು ಭುಜದ ತನಕ ಇಳಿಸಿ ನೋಡಿದ.
ತಳದಲ್ಲಿ ನಾಲ್ಕು ಬೆರಳು.
ಹೂವಿಗೆ ಹೋಯಿತು, ಅಂದೆ. ಮೂರು ರಾತ್ರಿ.

ಆಕಾಶ ನೋಡಿದ.
ಗೋಡೆಗೆ ಒರಗಿಸಿದ್ದ ಕೊಡೆ ತೆಗೆದುಕೊಂಡು,
ಬಿಚ್ಚದೆ,
ಹೋದ.